ಲಗ್ನಪತ್ರಿಕೆ ಉಳಿಸಿದ್ದು

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವಳು ನಾನೇ ಮೊದಲು. ಡಿಗ್ರಿ ಮುಗಿದ ಮೇಲೆ ಯಂಕಂಚಿಯಿಂದ ದಿನಾ ಬಸ್ಸಿಗೆ ಬಂದು ಸಿಂದಗಿಯ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. "ಇಷ್ಟ ಕಲ್ತು ಲಗ್ನಪತ್ರಿಕಿ ಟೈಪ್ ಹೊಡಿಯಾಕತ್ತೀಯೇನ?" ಎಂದು ಓಣಿಯವರು ಅಣಕಿಸುತ್ತಿದ್ದರು. ಹೌದು, ಹೊಡೆಯುತ್ತಿದ್ದೆ. ಒಂದು ತಪ್ಪಿಲ್ಲದೆ ಹೊಡೆಯುತ್ತಿದ್ದೆ.

ನಮ್ಮ ಕಡೆಯ ಪತ್ರಿಕೆಯಲ್ಲಿ ಮದುಮಕ್ಕಳ ಹೆಸರು ಎರಡೇ. ಉಳಿದದ್ದೆಲ್ಲ ಬೀಗರು, ಅಣ್ಣತಮ್ಮಂದಿರು, ಸೋದರಮಾವಂದಿರು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದಕ್ಕೇ ಮನೆಗಳು ಮುರಿದದ್ದುಂಟು. ದೇವಣಗಾಂವದ ಯಜಮಾನರೊಬ್ಬರು ಮಗಳ ಪತ್ರಿಕೆಗೆ ಎಲ್ಲರನ್ನೂ ಅಂಗಡಿಗೇ ಕರೆತಂದಿದ್ದರು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ನನ್ನ ಬೆನ್ನ ಹಿಂದೆ ನಿಂತು, "ಅವನ್ನ ಕೆಳಗ ತಗೀ", "ಮಾವನ್ನ ಮ್ಯಾಲ ಹಾಕ" ಎನ್ನುತ್ತ ಪರದೆಯ ಮೇಲೇ ಸರದಿ ಗೊತ್ತುಮಾಡಿ, ಕೊನೆಗೆ ಕೂಡಿ ಚಹಾ ಕುಡಿದು ಹೋದರು. ಆ ಸರದಿ ಇದ್ದದ್ದು ಕಂಪ್ಯೂಟರಿನೊಳಗೆ ಮಾತ್ರ, ಕಾಗದದ ಮೇಲೆ ಏನೂ ಇರಲಿಲ್ಲ.

ಮರುದಿನ ಕಂಪ್ಯೂಟರ್ ಅರ್ಧ ಚಾಲೂ ಆಗಿ ನಿಂತುಬಿಟ್ಟಿತು. ಬಿಜಾಪುರದಿಂದ ಬಂದ ಮೆಕ್ಯಾನಿಕ್ ನೋಡಿದ.

"ವೈರಸ್ ಹೊಕ್ಕೈತ್ರಿ. ಫಾರ್ಮ್ಯಾಟ್ ಹೊಡದು ಹೊಸದಾಗಿ ಸಿಸ್ಟಮ್ ಹಾಕೂದ."

"ಒಳಗಿನ ಫೈಲ್?" ಎಂದೆ.

"ಹೋಗ್ತಾವ್ರಿ. ಮತ್ತ ಟೈಪ್ ಮಾಡ್ರಿ. ಬಿ.ಎ. ಮಾಡೀರಲ್ಲ ಮೇಡಂ?"

ಪತ್ರಿಕೆ ಪ್ರೆಸ್ಸಿಗೆ ಒಯ್ಯಲು ಬಂದು ಕೂತಿದ್ದ ಯಜಮಾನರು ಎದ್ದು ನಿಂತರು. "ಯವ್ವಾ, ಟೈಪ್ ಮತ್ತ ಆಗ್ತೈತಿ. ಆ ಮಂದೀನ ಮತ್ತ ಹ್ಯಾಂಗ ಕೂಡಸ್ಲಿ? ಇನ್ನೊಮ್ಮಿ ಕುಂತ್ರ ಲಗ್ನಕ್ಕ ಒಬ್ರೂ ಬರೂದಿಲ್ಲ."

"ಈಗ ಫಾರ್ಮ್ಯಾಟ್ ಬ್ಯಾಡ್ರಿ" ಎಂದೆ. ಅಂಗಡಿಯ ಮಾಲಕರು ಒಮ್ಮೆ ಮೆಕ್ಯಾನಿಕ್‌ನನ್ನು, ಒಮ್ಮೆ ನನ್ನನ್ನು ನೋಡಿ, "ಆಕಿ ಅಂದಂಗ ಮಾಡೂಣು" ಎಂದರು.

ಕಂಪ್ಯೂಟರಿನ ಡಬ್ಬಿ ಬಿಚ್ಚಿ ಹಾರ್ಡ್ ಡಿಸ್ಕ್ ತೆಗೆದು, ಟವೆಲಿನಲ್ಲಿ ಸುತ್ತಿ, ನಾನು ಡಿಪ್ಲೊಮಾ ಕಲಿತಿದ್ದ ಎದುರಿನ ಕಂಪ್ಯೂಟರ್ ಸೆಂಟರಿಗೆ ಒಯ್ದೆ. ಅಲ್ಲಿಯ ಮಾಸ್ತರರು ಬಾಗಿಲಲ್ಲೇ ತಡೆದರು: "ನಿಮ್ಮ ರೋಗ ನಮಗ ಹಚ್ಚಬ್ಯಾಡ ಮತ್ತ!" ಹಚ್ಚುವುದಿಲ್ಲವೆಂದು ಮಾತು ಕೊಟ್ಟು, ಅವರ ಒಂದು ಯಂತ್ರಕ್ಕೆ ನಮ್ಮದನ್ನು ಎರಡನೆಯ ಡಿಸ್ಕ್ ಆಗಿ ಜೋಡಿಸಿ, ಮೊದಲು ವೈರಸ್ ತೊಳೆದು, ಆಮೇಲೆ ಪತ್ರಿಕೆಗಳನ್ನೆಲ್ಲ ಸಿ.ಡಿ.ಗೆ ಇಳಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಫಾಂಟುಗಳ ಫೋಲ್ಡರ್ ತೆರೆದೆ. ಮೆಕ್ಯಾನಿಕ್ ಹಿಂದೆಯೇ ಬಂದಿದ್ದ.

"ಫೈಲ್ ಬಂದ್ವಲ್ಲ, ಇನ್ನೇನ ಹುಡಕ್ತೀರಿ?"

ಕನ್ನಡದ ಆ ಫಾಂಟುಗಳನ್ನು ಮಾಲಕರು ಪ್ರೆಸ್ಸುಗಳಿಂದ ಒಂದೊಂದಾಗಿ ಬೇಡಿ ತಂದಿದ್ದರು. ಅವನ್ನೂ ಇಳಿಸಿದೆ. ಕೀಲಿಮಣೆಯ ಸೆಟ್ಟಿಂಗನ್ನೂ ಇಳಿಸಿದೆ. ಮಾಲಕರು ಟೈಪ್‌ರೈಟರ್ ಕಾಲದವರು, ಕೀಲಿ ಅದಲುಬದಲಾದರೆ ಅವರ ಬೆರಳು ಓಡುತ್ತಿರಲಿಲ್ಲ.

ಅಂಗಡಿಗೆ ಮರಳಿದ ಮೇಲೆ ಮೆಕ್ಯಾನಿಕ್ ಫಾರ್ಮ್ಯಾಟ್ ಮಾಡಿ, ಸಿಸ್ಟಮ್ ಹಾಕಿ, ಸಿ.ಡಿ.ಯಿಂದ ಪತ್ರಿಕೆ ತೆರೆದ. ಹೆಸರುಗಳಿಲ್ಲ. ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳ ಸಾಲು.

"ಸತ್ತೆ" ಎಂದು ಯಜಮಾನರು ಬೆಂಚಿನ ಮೇಲೆ ಕುಸಿದರು.

"ಫೈಲ್ ಕೆಟ್ಟೈತ್ರಿ" ಎಂದ ಮೆಕ್ಯಾನಿಕ್.

"ಫೈಲ್ ಗಟ್ಟಿ ಐತಿ. ಫಾಂಟ್ ಹಾಕಿಲ್ಲ ಅಷ್ಟ. ಏಳ್ರಿ ಸ್ವಲ್ಪ."

ಅವನನ್ನು ಕುರ್ಚಿಯಿಂದ ಎಬ್ಬಿಸಿ ಫಾಂಟ್ ಹಾಕಿ ಮತ್ತೆ ತೆರೆದೆ. ಎಲ್ಲರೂ ಕನ್ನಡದಲ್ಲಿ ಸಾಲಾಗಿ ನಿಂತಿದ್ದರು.

"ಓದ ಯವ್ವಾ. ನಮ್ಮ ಹಿರಿಯಣ್ಣ?"

"ಮ್ಯಾಲ ಅದಾರ್ರಿ."

"ಸೋದರಮಾವ?"

"ಅವರ ಕೆಳಗ. ನೀವು ಕೂಡ್ಸಿದಂಗ ಐತ್ರಿ, ಒಬ್ರೂ ಅಲಗ್ಯಾಡಿಲ್ಲ."

ಹೋಗುವ ಮುಂಚೆ ಮೆಕ್ಯಾನಿಕ್ ಚೀಲ ಹೆಗಲಿಗೆ ಹಾಕಿಕೊಂಡು, "ಫಾರ್ಮ್ಯಾಟಿಗಿಂತ ಮದ್ಲ ಏನೇನ ತಕ್ಕೋಬೇಕು, ಇನ್ನೊಮ್ಮಿ ಹೇಳ್ರಿ ಮೇಡಂ" ಎಂದ. ಈ ಸಲದ 'ಮೇಡಂ'ನಲ್ಲಿ ಚೇಷ್ಟೆ ಇರಲಿಲ್ಲ. ಹೇಳಿಕೊಟ್ಟೆ. ಮುಂದೆ ಇಂಡಿ, ಮುದ್ದೇಬಿಹಾಳದ ಅಂಗಡಿಗಳಿಂದಲೂ ನನಗೆ ಫೋನ್ ಬರತೊಡಗಿದವು.

ಲಗ್ನಕ್ಕೆ ನನ್ನನ್ನೂ ಕರೆದಿದ್ದರು. ಅಣ್ಣತಮ್ಮಂದಿರು ಒಬ್ಬರೂ ತಪ್ಪದೆ ಬಂದಿದ್ದರು. ಊಟದ ಪಂಕ್ತಿಗೆ ಯಾರು ಮೊದಲೆಂದು ಅಲ್ಲೂ ಸಣ್ಣಗೆ ಶುರುವಾಯಿತು. ಹಿರಿಯಣ್ಣ ನನ್ನತ್ತ ಕೈ ಮಾಡಿ, "ಮದ್ಲ ಈ ಅಕ್ಕೋರು ಕುಂಡ್ರಲಿ, ಆಮ್ಯಾಲ ನಮ್ದು ನೋಡೂಣು" ಎಂದರು.

ನಾನೂ ನಾಚಲಿಲ್ಲ. ಹೋಗಿ ಕುಂತೆ.