ಬ್ರೇಕಿಗೆ ಇಟ್ಟ ಕುಂಕುಮ

ಮನೆ ಮುಂದೆ ಕಾರಿನ ಚಕ್ರ ಬಿಚ್ಚಿ, ಬ್ರೇಕಿನ ಡ್ರಮ್ಮು ತೆಗೆದ ಕೆಸರೆಯ ಮೇಸ್ತ್ರಿ ನಂಜಪ್ಪ ಬಾಯಿಬಿಟ್ಟುಕೊಂಡು ನೋಡುತ್ತ ಕೂತುಬಿಟ್ಟ. ಒಳಗೆಲ್ಲ ಒಣಗಿದ ಗಂಧ, ಕುಂಕುಮ, ನಾಲ್ಕು ಕಾಳು ಅಕ್ಷತೆ.

“ಅಲ್ಲಾ ಬುದ್ದೀ, ಬ್ರೇಕಿಗೂ ಪೂಜೆ ಮಾಡ್ಬುಟ್ಟಿದ್ದೀರಲ್ಲಾ!”

“ಚಕ್ರಕ್ಕೆ ಮಾಡಿ ಅದನ್ನ ಬಿಟ್ರೆ ಮುನಿಸ್ಕೊಳ್ಳಲ್ವೇನಯ್ಯ?” ಎಂದರು ನಿವೃತ್ತ ಅಮಲ್ದಾರರಾದ ನಮ್ಮ ಮಾವ.

ಆಯುಧಪೂಜೆಯ ದಿನ ಡ್ರೈವರನ ಕೈಲಿ ಡ್ರಮ್ಮು ಬಿಚ್ಚಿಸಿ, ಒಳಗೆಲ್ಲ ಗಂಧ ಬಳಿದ ಮಹಾನುಭಾವರು ಇವರೇ. ಮಾರನೆಯ ದಿನದಿಂದ ಆ ಮುದಿ ಕಾರು ಬ್ರೇಕು ಒತ್ತಿದಾಗಲೆಲ್ಲ ಕಿರುಚತೊಡಗಿತು. ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಕಟ್ಟಿ, ಮೊಮ್ಮಕ್ಕಳನ್ನೆಲ್ಲ ತುಂಬಿಕೊಂಡು ಚಾಮುಂಡಿ ಬೆಟ್ಟಕ್ಕೂ ಹೋಗಿಬಂದರು. ಇಳಿಜಾರಿನ ಉದ್ದಕ್ಕೂ ಕಾರಿನ ಜೊತೆ ನಾನೂ ಕಿರುಚಿದ ಮೇಲೆ ಮೇಸ್ತ್ರಿಗೆ ಹೇಳಿಕಳಿಸಿದ್ದು.

ನಂಜಪ್ಪ ಉಪ್ಪುಕಾಗದದಲ್ಲಿ ಉಜ್ಜಿ ಎಲ್ಲ ಕೆರೆದ. ಕಾರಿನ ಕಿರುಚಾಟ ನಿಂತಿತು. ಮಾವ ಮಾತ್ರ ಕೆರೆದು ಉದುರಿದ ಕರಿ ಪುಡಿಯನ್ನು ಕಾಗದದಲ್ಲಿ ಹಿಡಿದು, ಹಣೆಗಿಟ್ಟುಕೊಂಡು, ನನಗೂ ಒಂದು ಚಿಟಿಕೆ ಕೊಟ್ಟರು. “ಪ್ರಸಾದ ಕಣಮ್ಮ, ತಗೋ.”

ಅಂದಿನಿಂದ ನಾನು ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹತ್ತಿಯೇ ಹೋಗುತ್ತೇನೆ. ನಮ್ಮ ಸೊಸೆಗೆ ಎಂಥ ಭಕ್ತಿ ಎಂದು ಮಾವ ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ.