ಲ್ಯಾಪ್‌ಟಾಪಿನ ಮೇಲೆ ಎಲೆ ಅಡಿಕೆ

ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ‘ಗಗನ ಡಿ.ಟಿ.ಪಿ.’ ಎಂಬ ಅಂಗಡಿ ಇದೆ. ಅದರ ಒಡತಿ ಶಶಿರೇಖಾ. ಸುತ್ತಲ ಹಳ್ಳಿಗಳಲ್ಲಿ ಈಚಿನ ವರ್ಷಗಳಲ್ಲಿ ಯಾರ ಮದುವೆಯಾಗಿದ್ದರೂ ಅವರ ಲಗ್ನಪತ್ರಿಕೆ ಬಹುಪಾಲು ಅವಳ ಕೈಯಿಂದಲೇ ಹೊರಟದ್ದು. ಊರವರ ಮದುವೆಗಳನ್ನೆಲ್ಲ ಟೈಪ್ ಮಾಡಿದವಳಿಗೆ ತನ್ನದೊಂದು ಮಾತ್ರ ಆಗಿರಲಿಲ್ಲ. ಜಾತಕ ಕೂಡಲಿಲ್ಲ ಎಂದೋ ಗಂಡು ಸಿಗಲಿಲ್ಲ ಎಂದೋ ಅಲ್ಲ. ನಮ್ಮ ಮಂಡ್ಯದ ಕಡೆ ಈಗ ಹೆಣ್ಣಿಗೆ ಬರ, ಗಂಡಿಗಲ್ಲ. ಬಂದ ಗಂಡುಗಳೆಲ್ಲ ಕಾಫಿ ಕುಡಿದು ಲೋಟ ಕೆಳಗಿಡುವಾಗ ಒಂದೇ ಮಾತು ಕೇಳುತ್ತಿದ್ದರು: ಮದುವೆಯಾದ ಮೇಲೆ ಅಂಗಡಿ ಮುಚ್ಚುತ್ತೀರಿ ತಾನೆ? ಇಲ್ಲ ಎನ್ನುತ್ತಿದ್ದಳು ಶಶಿರೇಖಾ. ಅಲ್ಲಿಗೆ ಸಂಬಂಧ ಮುಗಿಯುತ್ತಿತ್ತು. ಹೀಗೇ ಅವಳಿಗೆ ಮೂವತ್ತಾರು ತುಂಬಿತು. ಅಪ್ಪ ಪುಟ್ಟರಾಜು ಗದ್ದೆಯ ಬದುವಿನ ಮೇಲೆ ಕೂತಾಗಲೂ ಅದನ್ನೇ ಯೋಚಿಸುತ್ತಿದ್ದ. ಮಗಳು ಜಗಮೊಂಡಿ ಎಂದು ಊರು ಆಡಿಕೊಳ್ಳುತ್ತಿತ್ತು. ಊರ ಬಾಯಿ ಮುಚ್ಚಿಸಲು ಆಗುತ್ತದೆಯೇ?

ಅಂಗಡಿ ಅವಳಿಗೆ ಬರೀ ಹೊಟ್ಟೆಪಾಡಲ್ಲ. ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂಬ ಒಂದು ಜಾಗವಿರುತ್ತದಲ್ಲ, ಅಲ್ಲಿ ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂಬುದಕ್ಕೇ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಬೀಗರು ಮುನಿಸಿಕೊಳ್ಳುತ್ತಾರೆ. ಶಶಿರೇಖಾಳಿಗೆ ಅದರ ಮರ್ಮವೆಲ್ಲ ಗೊತ್ತಿತ್ತು. ಚಿಕ್ಕಪ್ಪನನ್ನು ಕೆಳಗೆ ಹಾಕಿದರೆ ಅಕ್ಷರ ಸ್ವಲ್ಪ ದಪ್ಪ ಮಾಡಿ ಸಮಾಧಾನ ಮಾಡುತ್ತಿದ್ದಳು. ಹೀಗೆ ಅವಳು ಉಳಿಸಿದ ನೆಂಟಸ್ತಿಕೆಗಳು ಎಷ್ಟೋ. ಆ ಕೆಲಸದಲ್ಲಿ ಅವಳಿಗೆ ಸುಖವಿತ್ತು, ಮುಚ್ಚು ಎಂದವರ ಮೇಲೆ ನಿಜಕ್ಕೂ ಸಿಟ್ಟು ಬರುತ್ತಿತ್ತು.

ಹಳೆಯ ಕಂಪ್ಯೂಟರು ಕರೆಂಟಿನ ಏರಿಳಿತಕ್ಕೆ ಸಿಕ್ಕಿ ಒಂದು ದಿನ ಕಣ್ಣು ಮುಚ್ಚಿತು. ಈ ಸಲ ಲ್ಯಾಪ್‌ಟಾಪೇ ಇರಲಿ ಎಂದುಕೊಂಡಳು. ಪ್ರೂಫ್ ನೋಡಲು ಅಂಗಡಿಗೆ ಬನ್ನಿ ಎಂದರೆ ಹಳ್ಳಿಯ ಹಿರಿಯರಿಗೆ ಅದು ಮರ್ಯಾದೆಯ ಪ್ರಶ್ನೆ. ಅವರ ಮನೆಗೇ ಹೋಗಬೇಕು, ಹೋದಲ್ಲಿ ಅವರ ಕಣ್ಣಿಗೆ ಕಾಣುವಷ್ಟು ದೊಡ್ಡ ಸ್ಕ್ರೀನು ಬೇಕು, ಬಸ್ಸಿನಲ್ಲಿ ಹೊರಲು ಹಗುರಾಗಿರಬೇಕು. ಮಂಡ್ಯದಲ್ಲಿ ಜಯಪ್ರಕಾಶ್ ಎಂಬಾತನ ಕಂಪ್ಯೂಟರ್ ಅಂಗಡಿಯಿದೆ, ಆತ ಸುಳ್ಳು ಹೇಳಿ ಮಾರುವವನಲ್ಲ ಎಂದು ಯಾರೋ ಹೇಳಿದರು. ಅವನು ಹೊಸದಾಗಿ ಬಂದ ಒಂದನ್ನು ತೋರಿಸಿದ. ಮಕ್ಕಳು ಪರೀಕ್ಷೆಗೆ ಒಯ್ಯುವ ರಟ್ಟಿನಷ್ಟು ತೆಳ್ಳಗೆ, ಸ್ಕ್ರೀನು ಮಾತ್ರ ಹಪ್ಪಳ ಒಣಹಾಕುವಷ್ಟು ಅಗಲ. ಶಶಿರೇಖಾ ಹಿಂದೆಮುಂದೆ ನೋಡದೆ ತಂದಳು.

ತಂದ ದಿನವೇ ಅವನಿಗೆ ಫೋನ್ ಮಾಡಿದಳು. ಲಗ್ನಪತ್ರಿಕೆ ಎಂದರೆ ಅಂಕಿಗಳ ರಾಶಿ: ತಾರೀಕು, ಮುಹೂರ್ತ, ಫೋನ್ ನಂಬರು. ಮೇಲಾಗಿ ಕೆಲವು ಒತ್ತಕ್ಷರ ತರಲೂ ಬಲಗಡೆಯ ಅಂಕಿ ಕೀಗಳನ್ನೇ ಒತ್ತಬೇಕು, ಮೇಲಿನ ಸಾಲಿನವು ಕೆಲಸಕ್ಕೆ ಬರುವುದಿಲ್ಲ. ಅವಳ ಬಲಗೈ ಕಣ್ಣು ಮುಚ್ಚಿಕೊಂಡು ಬಲಮೂಲೆಗೆ ಹೋಗುತ್ತಿತ್ತು. ಅಲ್ಲಿ ಈಗ ಅಂಕಿ ಕೀಗಳೇ ಇಲ್ಲ, ಜರಡಿಯಂಥ ತೂತುಗಳಿವೆ.

“ಇಷ್ಟೊಂದು ಜಾಗ ಮಡಿಕಂಡು ನಂಬರ್ ಕೀ ಯಾಕೆ ಮಾಡಿಲ್ಲ ಸಾರ್ ಇವ್ರು?” ಎಂದು ಕೇಳಿದಳು.

ಆ ತೂತುಗಳು ಸ್ಪೀಕರು, ಅಂಕಿಗಳನ್ನು ತೆಗೆದರೆ ಉಳಿದ ಕೀಗಳು ಸ್ಕ್ರೀನಿನ ನಟ್ಟನಡುವೆ ಕೂರುತ್ತವೆ, ಕೈ ಒಂದು ಕಡೆಗೆ ವಾಲುವುದಿಲ್ಲ, ಅದಕ್ಕೇ ಹಾಗೆ ಎಂದು ಜಯಪ್ರಕಾಶ್ ವಿವರಿಸಿದ. ಆಮೇಲೆ, “ಮಾಡ್ದೋರು ಲಗ್ನಪತ್ರಿಕೆ ಟೈಪ್ ಮಾಡಿಲ್ಲ ಮೇಡಂ, ಅದೇ ತೊಂದ್ರೆ” ಎಂದ. ಶಶಿರೇಖಾಳಿಗೆ ಆ ಮಾತು ಹಿಡಿಸಿತು. ಮಾರಿದವನು ಮಾರಿದ ವಸ್ತುವಿನ ಕುಂದನ್ನು ತಾನೇ ಒಪ್ಪಿಕೊಳ್ಳುವುದು ಎಲ್ಲಿದೆ? ಮಾರನೆಯ ದಿನ ಅವನು ಬಿಡಿಯಾದ ಒಂದು ಅಂಕಿ ಪಟ್ಟಿಯನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ.

ಇನ್ನೊಂದು ತಕರಾರು ಬೆರಳಾಡಿಸುವ ಜಾಗದ್ದು. ಬೇರೆ ಲ್ಯಾಪ್‌ಟಾಪುಗಳಲ್ಲಿ ಅದಕ್ಕೊಂದು ಚೌಕವಿರುತ್ತದೆ. ಇದರಲ್ಲಿ ಮುಂಭಾಗವೆಲ್ಲ ಒಂದೇ ಗಾಜು, ಚೌಕ ಎಲ್ಲಿ ಶುರುವಾಗುತ್ತದೆ ಎಲ್ಲಿ ಮುಗಿಯುತ್ತದೆ ಎಂದು ಗೆರೆಯೂ ಇಲ್ಲ. ಬೆರಳು ಎಲ್ಲೋ ಜಾರಿದರೆ ಬಾಣದ ಗುರುತು ನಿಂತಲ್ಲೇ ನಿಂತಿರುತ್ತಿತ್ತು. ಶುಕ್ರವಾರ ಪೂಜೆ ಮಾಡುವಾಗ ಅವಳಿಗೊಂದು ಉಪಾಯ ಹೊಳೆಯಿತು. ಬೆರಳಾಡಿಸಿ ಮೂಲೆಗಳನ್ನು ಹುಡುಕಿ, ನಾಲ್ಕೂ ಕಡೆ ಕುಂಕುಮದ ಬೊಟ್ಟಿಟ್ಟಳು. ಯಂತ್ರಕ್ಕೆ ಪೂಜೆಯೂ ಆಯಿತು, ಗಡಿಗುರುತೂ ಆಯಿತು. ಸಂಜೆಯ ಹೊತ್ತಿಗೆ ಮುಂಗೈಯೆಲ್ಲ ಕೆಂಪಾಗಿರುತ್ತಿತ್ತು, ಅದು ಬೇರೆ ಮಾತು.

ಆಮೇಲೆ ಆಫ್ ಮಾಡುವ ಕೀಯದು. ಅಳಿಸುವ ಕೀಯ ಪಕ್ಕದಲ್ಲೇ, ಅದೇ ಗಾತ್ರ, ಅದೇ ಬಣ್ಣ. ಹೆಣ್ಣಿನ ಸೋದರಮಾವನ ಹೆಸರಿನಲ್ಲಿ ಒಂದಕ್ಷರ ಅಳಿಸಲು ಹೋದರೆ ಯಂತ್ರವೇ ನಿದ್ದೆಗೆ ಬೀಳುತ್ತಿತ್ತು. ಫೋನಿನಲ್ಲೇ ಹೇಳಿ ಸರಿಪಡಿಸಬಹುದಾದ ಕೆಲಸ. ಜಯಪ್ರಕಾಶ್ ಅಂಗಡಿಗೆ ಬಾಗಿಲು ಹಾಕಿ ಬಸ್ ಹತ್ತಿ ಬಂದ. ಒತ್ತಿದರೂ ನಿದ್ದೆ ಹೋಗದಂತೆ ಮಾಡಿಕೊಟ್ಟ. ಕುಂಕುಮದ ಬೊಟ್ಟುಗಳನ್ನು ನೋಡಿ ನಗಲಿಲ್ಲ, ಬಾಗಿ ನೋಡಿ, ಇದನ್ನು ಕಂಪನಿಯವರಿಗೆ ತೋರಿಸಬೇಕು ಎಂದ. ಕಾಫಿ ಕುಡಿದು ಲೋಟ ಕೆಳಗಿಟ್ಟ. ಶಶಿರೇಖಾ ಅಭ್ಯಾಸಬಲದಿಂದ ಕಾದಳು, ಅವನು ಅಂಗಡಿಯ ಬಗ್ಗೆ ಏನೂ ಕೇಳಲಿಲ್ಲ. ಎಲ್ಲ ತಕರಾರು ಮುಗಿದ ಮೇಲೂ ಅವಳಿಗೆ ದಿನಾ ಏನಾದರೊಂದು ತಕರಾರು ಸಿಗುತ್ತಿತ್ತು.

ಅವುಗಳಲ್ಲಿ ಒಂದು ಮಾತ್ರ ನಿಜವಾದ ಗಾಬರಿ. ಸ್ಕ್ರೀನನ್ನು ತುಸು ಹಿಂದಕ್ಕೆ ತಳ್ಳಿದಳು, ಅದು ಹೋಗುತ್ತಲೇ ಹೋಗಿ ಟೇಬಲ್ಲಿಗೆ ಅಂಟಿಕೊಂಡು ಮಲಗಿಬಿಟ್ಟಿತು. ಮುರಿದೇಹೋಯಿತು ಎಂದು ಎದೆ ಬಡಿದುಕೊಂಡು ಫೋನ್ ಮಾಡಿದರೆ, ಅದು ಹಾಗೆ ಮಲಗಲೆಂದೇ ಮಾಡಿದ್ದು ಎಂದ ಜಯಪ್ರಕಾಶ್. ಒಂದು ಕೀ ಒತ್ತಿದರೆ ಚಿತ್ರ ತಲೆಕೆಳಗಾಗಿ ಎದುರಿಗೆ ಕೂತವರಿಗೆ ನೆಟ್ಟಗೆ ಕಾಣುತ್ತದಂತೆ. ಯಾವ ತಲೆಕೆಟ್ಟವನಿಗೆ ಬೇಕಿತ್ತು ಇದು ಎಂದುಕೊಂಡಳು. ಆದರೆ ಮುಂದಿನ ವಾರ ಬಂಡೂರಿನ ಒಂದು ಮನೆಯಲ್ಲಿ ಹಿರಿಯರೆಲ್ಲ ಚಾಪೆಯ ಮೇಲೆ ಎದುರುಬದುರು ಕೂತಾಗ, ಲ್ಯಾಪ್‌ಟಾಪನ್ನು ಮಣೆಯಂತೆ ನಡುವೆ ಮಲಗಿಸಿ ಆ ಕೀ ಒತ್ತಿದಳು. ಗಂಡಿನ ಕಡೆಯವರು ಓದಿದರು, ಮತ್ತೆ ತಿರುಗಿಸಿದಾಗ ಹೆಣ್ಣಿನ ಕಡೆಯವರು ಓದಿದರು. ಯಾರೂ ಯಾರ ಬೆನ್ನ ಹಿಂದೆಯೂ ಬಗ್ಗಿ ನೋಡಬೇಕಾಗಲಿಲ್ಲ. ಅವತ್ತು ಮಾಡಿದವರಿಗೆ ಮನಸ್ಸಿನಲ್ಲೇ ಕೈಮುಗಿದಳು.

ಅವ್ವ ಹೊಂಬಾಳಮ್ಮ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದವಳು ಒಂದು ಸಂಜೆ ಅವರೆಕಾಯಿ ಬಿಡಿಸುತ್ತ ಕೇಳಿದಳು:

“ಊರ್ ಗಂಡಸ್ರನ್ನೆಲ್ಲ ಅಣ್ಣ ಅಂತೀಯ. ಆ ಮಂಡ್ಯದೋನ್ನ ಮಾತ್ರ ಸಾರ್ ಅಂತೀಯಲ್ಲ, ಯಾಕವ್ವ?”

ಶಶಿರೇಖಾಳಿಗೆ ಕಿವಿಯವರೆಗೂ ಬಿಸಿಯಾಯಿತು. ಮಾರನೆಯ ದಿನ ಅವಳೇ ಫೋನ್ ಮಾಡಿ ಅವ್ವ ಹೀಗೆ ಕೇಳಿದಳು ಎಂದು ಹೇಳಿಬಿಟ್ಟಳು. ಜಯಪ್ರಕಾಶ್ ಆಗ ಎಲ್ಲವನ್ನೂ ಒಟ್ಟಿಗೇ ಹೇಳಿದ. ಇಬ್ಬರು ತಂಗಿಯರ ಮದುವೆ ಮಾಡುವುದರಲ್ಲಿ ತನಗೆ ನಲವತ್ತು ದಾಟಿತು. ಅಂಗಡಿ ಮುಚ್ಚುವ ಮಾತು ತನ್ನ ಬಾಯಿಂದ ಯಾವತ್ತೂ ಬರುವುದಿಲ್ಲ. ಮದ್ದೂರಿನಲ್ಲಿ ಮನೆ ಮಾಡಿದರೆ ತನಗೆ ಮಂಡ್ಯವೂ ಅವಳಿಗೆ ಮಳವಳ್ಳಿಯೂ ದೂರವಾಗುವುದಿಲ್ಲ. ಆದರೆ ಅಪ್ಪ ಸತ್ತ ಮೇಲೆ ತನ್ನನ್ನು ಸಾಕಿದ್ದು ಕೊತ್ತತ್ತಿಯ ದೊಡ್ಡಪ್ಪ ಚೌಡಯ್ಯ, ಅವರು ಒಪ್ಪದೆ ತಾಳಿ ಕಟ್ಟಲಾರೆ. ಅದು ಶಶಿರೇಖಾಳಿಗೂ ಸರಿ ಎನಿಸಿತು. ಸಾಕಿದವರನ್ನು ಮೀರಿ ಬರುವವನು ನಾಳೆ ನನ್ನನ್ನೂ ಮೀರಿಯಾನು ಎಂದುಕೊಂಡಳು.

ಚೌಡಯ್ಯನವರು ಸಾಮಾನ್ಯ ಆಸಾಮಿಯಲ್ಲ. ಸುತ್ತಲ ಊರುಗಳಲ್ಲಿ ಮದುವೆ ಮಾತುಕತೆಗೆ ಅವರು ಬೇಕೇಬೇಕು. ಅವರದೊಂದು ಕಟ್ಟು: ಎಲೆ ಅಡಿಕೆ ಕಾಯಿ ನಡುವೆ ಇಡುವ ಮುಂಚೆ ಎಷ್ಟು ಬೇಕಾದರೂ ಮಾತಾಡಿ, ಗಂಡಿನ ಕಡೆಯ ಹಿರಿಯ ಅದನ್ನಿಟ್ಟ ಮೇಲೆ ಮಾತು ಮುಗಿಯಿತು, ಅಷ್ಟರೊಳಗೆ ಇನ್ನೊಂದು ಕಡೆಯವರು ಒಪ್ಪದ ನಿಬಂಧನೆ ಅಲ್ಲಿಗೆ ಬಿದ್ದುಹೋಯಿತು. ಹೊಳಲಿನ ಒಬ್ಬರು ಎಲೆ ಇಟ್ಟಾದ ಮೇಲೆ ಇನ್ನೊಂದು ನಿಬಂಧನೆ ಹಾಕಲು ಹೋಗಿ ಅವರ ಕೈಯಲ್ಲಿ ಸರಿಯಾಗಿ ಮಂಗಳಾರತಿ ಮಾಡಿಸಿಕೊಂಡಿದ್ದರು.

ಭಾನುವಾರ ಹೆಣ್ಣಿನ ಮನೆಗೆ ಬಂದರು. ಜಯಪ್ರಕಾಶನ ತಾಯಿ ಯಶೋದಮ್ಮ, ಜಯಪ್ರಕಾಶ್, ಬಗಲಲ್ಲಿ ಒಂದು ಕೈಚೀಲ ಹಿಡಿದು ಚೌಡಯ್ಯನವರು. ಹೆಣ್ಣು ಮಾಡುವ ಕೆಲಸವನ್ನೂ ನೋಡಬೇಕು ಎಂದು ಯಶೋದಮ್ಮ ಆಸೆಪಟ್ಟಿದ್ದರಿಂದ ಶಶಿರೇಖಾ ಲ್ಯಾಪ್‌ಟಾಪನ್ನು ಚಾಪೆಯ ನಡುವೆ ಮಲಗಿಸಿ, ಚಿತ್ರವನ್ನು ಅವರ ಕಡೆಗೆ ತಿರುಗಿಸಿ ಪತ್ರಿಕೆಗಳನ್ನು ತೋರಿಸಿದಳು. ಯಶೋದಮ್ಮನ ಮುಖ ಅರಳಿತು. ಕಾಫಿ ಬಂತು. ಚೌಡಯ್ಯನವರು ಲೋಟ ಕೆಳಗಿಟ್ಟರು.

“ಎಲ್ಲಾ ಸರಿ. ನಮ್ಮನೆ ಸೊಸೆ ಬಸ್ ಸ್ಟ್ಯಾಂಡ್ ತಾವು ಅಂಗ್ಡಿ ಮಡಿಕಂಡು ಕುಂತ್ಕಳೋದು ಬ್ಯಾಡ.”

ಜಯಪ್ರಕಾಶ್ ಬಾಯಿ ತೆರೆದ, ನೀನು ಸುಮ್ಮನಿರು ಎಂದು ಅವರು ಕೈಸನ್ನೆ ಮಾಡಿದರು. ಪುಟ್ಟರಾಜು ಮಗಳ ಮುಖ ನೋಡಿದ. ಮಗಳು ನೆಲ ನೋಡಿದಳು. ಈ ಸಲ ‘ಇಲ್ಲ’ ಎನ್ನುವುದು ಅವಳಿಗೆ ಮೊದಲಿನಷ್ಟು ಸುಲಭವಾಗಿರಲಿಲ್ಲ. ಯಶೋದಮ್ಮ ಮದ್ದೂರಿನ ಮನೆಯ ಮಾತೆತ್ತಿದರು, ಮುದುಕರು ಜಗ್ಗಲಿಲ್ಲ. ಯಾರೂ ಮುಟ್ಟದೆ ಬಿಟ್ಟಿದ್ದರಿಂದ ಸ್ಕ್ರೀನು ತಾನಾಗಿ ಕಪ್ಪಗಾಯಿತು.

ಚೌಡಯ್ಯನವರಿಗೆ ಎಲೆ ಹಾಕಿಕೊಳ್ಳುವ ಚಪಲವಾಯಿತು. ಅವರ ಸಂಚಿ ಕೈಚೀಲದ ತಳದಲ್ಲಿತ್ತು. ಅದರ ಮೇಲೆ ಶಾಸ್ತ್ರಕ್ಕೆಂದು ತಂದ ವೀಳ್ಯದೆಲೆಯ ಕಟ್ಟು, ಅಡಿಕೆ, ಜುಟ್ಟಿನ ತೆಂಗಿನಕಾಯಿ. ಅವನ್ನೆಲ್ಲ ಹೊರಗೆ ತೆಗೆದು, ಎದುರಿಗೆ ಕರಿಮಣೆಯಂತೆ ಮಲಗಿದ್ದರ ಮೇಲೆ ಇಟ್ಟು, ಮತ್ತೆ ಚೀಲಕ್ಕೆ ಕೈ ಹಾಕಿದರು.

ಜಯಪ್ರಕಾಶನಿಗೆ ಮದುವೆಗಿಂತ ಮೊದಲು ಸ್ಕ್ರೀನಿನ ಗಾಜು ನೆನಪಾಯಿತು. ಪುಟ್ಟರಾಜುವಿಗೆ ಹಾಗಲ್ಲ. ಗಂಡಿನ ಕಡೆಯ ಹಿರಿಯ ನಾಲ್ಕು ಜನರ ನಡುವೆ ಎಲೆ, ಅಡಿಕೆ, ಕಾಯಿ ಇಟ್ಟಿದ್ದಾರೆ. ಅವನು ರೆಪ್ಪೆ ಬಡಿಯುವುದರೊಳಗೆ ಕೈಮುಗಿದು, “ಒಪ್ಕಂಡೋ ಗೌಡ್ರೇ” ಎಂದುಬಿಟ್ಟ.

ಸಂಚಿ ಹಿಡಿದ ಕೈ ಚೀಲದಲ್ಲೇ ನಿಂತಿತು. ಚೌಡಯ್ಯನವರು ತಾವೇ ಹೆಣೆದ ಬಲೆಯಲ್ಲಿ ತಾವೇ ಬಿದ್ದಿದ್ದರು. ಇದು ಮಣೆಯೆಂದುಕೊಂಡೆ ಎಂದರೆ ಊರು ನಗುತ್ತದೆ, ವಾಪಸು ತೆಗೆದರೆ ಜನ್ಮವಿಡೀ ಆಡಿದ ಮಾತು ಮಣ್ಣುಪಾಲು. ಅವರ ಮುಖ ಒಮ್ಮೆಗೇ ಮುಪ್ಪಾದಂತೆ ಕಂಡಿತು.

ಶಶಿರೇಖಾ ಆ ಮುಖ ನೋಡಿದಳು. ಸುಮ್ಮನಿದ್ದರೆ ಸಾಕು, ಗಂಡನೂ ಉಳಿದ, ಅಂಗಡಿಯೂ ಉಳಿಯಿತು. ಅವಳ ಇಷ್ಟು ವರ್ಷದ ಹಟಕ್ಕೆ ದೇವರೇ ಕೈಯೆತ್ತಿ ಕೊಟ್ಟ ಹಾಗಿತ್ತು. ಆದರೆ ಈ ಮುದುಕರ ಎದುರಿಗೆ ಇನ್ನೆಷ್ಟು ವರ್ಷ ಊಟಕ್ಕೆ ಬಡಿಸಬೇಕು, ಪ್ರತಿ ಸಲ ಈ ಮುಖವನ್ನೇ ನೋಡಬೇಕು. ಅದು ಅವಳಿಂದ ಆಗದು. ಎಲೆಯ ಕಟ್ಟನ್ನೂ ಕಾಯಿಯನ್ನೂ ಎರಡೂ ಕೈಯಲ್ಲಿ ಎತ್ತಿ ಚೌಡಯ್ಯನವರ ಮಡಿಲಿಗೆ ಇಟ್ಟಳು. ಹೊಂಬಾಳಮ್ಮ ಅಯ್ಯೋ ಎಂದು ಬಾಯಿಗೆ ಸೆರಗು ಹಿಡಿದಳು.

“ಅದು ಮಣೆ ಅಲ್ಲ ದೊಡ್ಡಪ್ಪ, ನನ್ ಕಂಪ್ಯೂಟ್ರು. ನೀವು ತಿಳೀದೆ ಮಡಗಿದ್ರಿ. ಕೈತಪ್ಪಿ ಬಂದ ಎಲೆ ನಂಗೆ ಬ್ಯಾಡ. ನಾನು ಅಂಗ್ಡಿ ಮುಚ್ಚಲ್ಲ. ಅದ ತಿಳ್ಕಂಡು ಮಡಗಂಗಿದ್ರೆ ಮಡಗಿ. ಇಲ್ದಿದ್ರೆ ಊಟ ಮಾಡ್ಕಂಡು ಓಗಿ, ನಂಗೇನೂ ಬೇಜಾರಿಲ್ಲ.”

ಕೊನೆಯ ಮಾತು ಮಾತ್ರ ಹಸಿ ಸುಳ್ಳು.

ಚೌಡಯ್ಯನವರು ಮಡಿಲಿನ ಕಾಯಿಯನ್ನು ಕೈಗೆತ್ತಿಕೊಂಡರು. ಎಲೆ ಹಾಕಿಕೊಳ್ಳುವುದನ್ನೇ ಮರೆತಿದ್ದರು.

“ನಾನು ಸಿಕ್ಕಾಕ್ಕಂಡಿದ್ದೆ ಕಣವ್ವ. ನೀನು ಸುಮ್ಕಿದ್ದಿದ್ರೆ ಆಗೋಗ್ತಿತ್ತು” ಎಂದರು. ಆಮೇಲೆ ಜಯಪ್ರಕಾಶನ ಕಡೆ ತಿರುಗಿ, ಕಾಯಿ ತಡೆಯುತ್ತದೇನೋ ಇದು ಎಂದು ಕೇಳಿದರು. ಮೆತ್ತಗೆ ಇಟ್ಟರೆ ತಡೆಯುತ್ತದೆ ಎಂದ ಅವನು.

ಹೊಂಬಾಳಮ್ಮ ಹಿತ್ತಾಳೆ ತಟ್ಟೆ ಹಿಡಿದು ಓಡಿಬಂದಳು. ಮುದುಕರು ಅದನ್ನು ಪಕ್ಕಕ್ಕೆ ಸರಿಸಿದರು. ಎಲೆಯನ್ನು ಸ್ಕ್ರೀನಿನ ಮೇಲೆ ಹರಡಿ, ಅದರ ಮೇಲೆ ಅಡಿಕೆ, ಅದರ ಮೇಲೆ ಮಗುವನ್ನು ಮಲಗಿಸುವಷ್ಟು ಮೆತ್ತಗೆ ಕಾಯಿ ಇಟ್ಟರು.

“ಸಿಕ್ಕಿದ್ದ ವಾಪಸ್ ಕೊಟ್ಟೋಳ ಅಂಗ್ಡೀನ ನಾನ್ಯಾಕೆ ಮುಚ್ಚಿಸ್ಲಿ? ಈಗ ಕಂಡೇ ಮಡಗ್ತಾ ಇವ್ನಿ.”

ಪುಟ್ಟರಾಜು ಮತ್ತೆ ಕೈಮುಗಿಯಲು ಹೊರಟ. ಅವನಿಗಿಂತ ಮೊದಲು ಶಶಿರೇಖಾ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು.