ನೀಲವ್ವತ್ತೆಯ ಬಲಗೈ

ಎಮ್ಮೆ ಮೇವು ಬಿಟ್ಟಿತೆಂದರೆ ಶಿಗ್ಲಿಯ ನಮ್ಮ ಓಣಿಯವರು ದನದ ಡಾಕ್ಟರಿಗಿಂತ ಮೊದಲು ನೀಲವ್ವತ್ತೆಯನ್ನು ಕರೆಯುತ್ತಿದ್ದರು. ಆಕೆ ಬಳೆ ಮೇಲೆ ಸರಿಸಿ, ಬಲಗೈಯನ್ನು ಮೊಣಕೈತನಕ ಎಮ್ಮೆಯ ಬಾಯೊಳಗೆ ಇಳಿಸಿಬಿಡುವಳು. ಮೆಕ್ಕೆಜೋಳದ ದಿಂಡು, ಮಾವಿನ ವಾಟೆ, ಒಮ್ಮೆ ಹಗ್ಗದ ಮೇಲೆ ಒಣಹಾಕಿದ್ದ ನನ್ನ ಹೊಸ ಜಂಪರ, ಏನಾದರೊಂದು ಹೊರಬರುತ್ತಿತ್ತು. “ಬಾಜೂಕ ಹಳೇ ಜಂಪರನೂ ಇತ್ತವಾ, ಮೂಸಿನೂ ನೋಡಿಲ್ಲ. ಎಷ್ಟ್ ಶ್ಯಾಣ್ಯಾ ಐತಿ ನೋಡ!” ಎಂದು ಆಕೆ ನಗುವಾಗ ಸಿಟ್ಟು ಮಾಡುವುದಾದರೂ ಹೇಗೆ?

ಆಕೆಯದೇ ಎಮ್ಮೆ ಚಂದ್ರಿ. ಅದು ಸಂಜೆ ತಡವಾಗಿ ಬಂದರೆ ಬಾಗಿಲಲ್ಲಿ ನಿಂತು, “ಬರ್ರಿ ಗೌಡಸಾನಿ, ಊರ ಸುತ್ತಿ ದಣದ್ರಿ. ಛಾ ಕಾಸ್ಲ್ಯಾ?” ಎನ್ನುವಳು. ಗಂಡ ತೀರಿದ ಮೇಲೆ ಆಕೆ ಹೆಚ್ಚು ಮಾತಾಡಿದ್ದು ಅದರೊಂದಿಗೇ.

ಹೋದ ವರ್ಷ ಚಂದ್ರಿಯೇ ಮೇವು ಬಿಟ್ಟಿತು. ಜೊಲ್ಲು ಸುರಿಯುತ್ತಿತ್ತು, ದನಿ ಒಡೆದಿತ್ತು, ಬಕೆಟ್ಟಿಗೆ ಮೂತಿ ಇಟ್ಟರೂ ನೀರು ಇಳಿಯುತ್ತಿರಲಿಲ್ಲ. “ಗಂಟಲದಾಗ ಏನೋ ಸಿಕ್ಕೊಂಡೈತಿ. ಹಗ್ಗ ಬಿಗಿ ಹಿಡಿಯವಾ” ಎಂದಳು. ಹಿಡಿದೆ. ನನ್ನ ಕೈಯೂ ಜೊಲ್ಲಿನಲ್ಲಿ ತೊಯ್ದಿತು. ಆಕೆ ಎಷ್ಟು ತಡಕಾಡಿದರೂ ಏನೂ ಸಿಗಲಿಲ್ಲ; ಮಣಿಕಟ್ಟಿನ ಮೇಲೆ ಹಲ್ಲು ತರಚಿತ್ತು. ಮೂರನೇ ದಿನ ಎಮ್ಮೆ ಸತ್ತಿತು.

ಆಗ ಬಂದ ದನದ ಡಾಕ್ಟರು ಮೊದಲು ಕೇಳಿದ್ದೇ, “ಇದರ ಬಾಯಾಗ ಯಾರ್ ಕೈ ಹಾಕೀರಿ?” ಚಂದ್ರಿಗೆ ಹುಚ್ಚುನಾಯಿ ಕಚ್ಚಿತ್ತಂತೆ. ಅದೇ ದಿನ ಇಬ್ಬರೂ ಲಕ್ಷ್ಮೇಶ್ವರಕ್ಕೆ ಹೋಗಿ ಸೂಜಿ ಮಾಡಿಸಿಕೊಂಡೆವು. ಎಮ್ಮೆಯ ಬಾಯಿಗೆ ಹೆದರದವಳು ಸೂಜಿ ಕಂಡು ನನ್ನ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಉಳಿದ ಸೂಜಿಗಳಿಗೆ ಕರೆದಾಗಲೆಲ್ಲ, “ನೀ ಮುಂದ ನಡಿ, ಕರಕ್ಕ ಹಾಲ ಕುಡಿಸಿ ಹಿಂದಿನ ಬಸ್ಸಿಗೆ ಬರ್ತೀನಿ” ಎನ್ನುತ್ತಿದ್ದಳು. ಚಂದ್ರಿಯ ಕರು ಬೇರೆಯವರ ಕೈಯಿಂದ ಕುಡಿಯುತ್ತಿರಲಿಲ್ಲ. ಆಮೇಲೆ ಕೇಳಿದರೆ, “ಆತವಾ, ಮಾಡಿಸ್ಕೊಂಡ್ ಬಂದೆ” ಎನ್ನುವಳು. ಆಸ್ಪತ್ರೆಯ ಚೀಟಿ ತೋರಿಸು ಎಂದು ನಾನು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಹೆದರಿಕೆ ಮಾತ್ರ ಹೋಗಲಿಲ್ಲ. ಏನಾದರೂ ನೆವ ಮಾಡಿಕೊಂಡು ದಿನಾ ಹೋಗಿ, ಆಕೆ ನೀರು ಕುಡಿಯುವುದನ್ನು ಕಣ್ಣಾರೆ ಕಂಡು ಬರುತ್ತಿದ್ದೆ. ಒಂದು ದಿನ ಆಕೆಗೆ ಗೊತ್ತಾಗಿಬಿಟ್ಟಿತು. “ನನ್ನ ಗಂಟಲ ನೋಡಾಕ ಬರ್ತಿ, ಹೌದಿಲ್ಲೋ?” ಎಂದವಳೇ ಚರಿಗೆ ಎತ್ತಿ ಗಟಗಟ ಕುಡಿದು, ಗದ್ದ ಒರೆಸಿಕೊಳ್ಳುತ್ತ ನಕ್ಕಳು. ನಾನೂ ನಕ್ಕೆ.

ಚಂದ್ರಿ ಸತ್ತು ಒಂದೂವರೆ ತಿಂಗಳಾಗಿತ್ತು. ಬೆಳಿಗ್ಗೆ ನಮ್ಮ ಮನೆಗೆ ಬಂದವಳಿಗೆ ಚಹಾ ಕೊಟ್ಟೆ. ಕಪ್ಪನ್ನು ತುಟಿಯ ಹತ್ತಿರ ತಂದಳು. ಗಂಟಲು ಸೆಟೆದು ಇಡೀ ಮೈ ಬೆಚ್ಚಿತು. ಕಪ್ಪು ಕೆಳಗಿಟ್ಟು, “ಬಿಸಿ ಐತಿ. ಆರಲಿ” ಎಂದಳು. ಆರಿತು, ಕೆನೆಗಟ್ಟಿತು. ಆಕೆ ಮುಟ್ಟಲಿಲ್ಲ, ನಾನು ಕುಡಿ ಎನ್ನಲಿಲ್ಲ. ಇಬ್ಬರಿಗೂ ಗೊತ್ತಾಗಿತ್ತು.

ಆಸ್ಪತ್ರೆಗೆ ಒಯ್ಯಲು ಗಾಡಿ ಬಂದಾಗ ನನ್ನ ಕೈ ಹಿಡಿಯಲು ಚಾಚಿದವಳು ಹಾಗೇ ಹಿಂದೆ ತೆಗೆದುಕೊಂಡಳು. “ನೀ ಮುಟ್ಟಬ್ಯಾಡವಾ” ಎಂದಳು. ಗಾಡಿ ಹೊರಡುವಾಗ ಆಕೆ ಹೇಳಿದ್ದೇ ನಾನು ಕೇಳಿದ ಕೊನೆಯ ಮಾತು: “ಕರಾ ದಿನಾ ನನ್ನ ಕೈ ನೆಕ್ಕೈತಿ. ಅದಕ್ಕೂ ಸೂಜಿ ಐತೇನ, ಡಾಕ್ಟರ್ನ ಜಲ್ದಿ ಕೇಳ.”